ಧೂಮಾಂಗದನ ಚಪ್ಪಲಿ

ಒಂದು ಸಮಾಜದ ಅಂತರಂಗವನ್ನು ಅರಿಯಬೇಕಾದರೆ ಅದು ಹಾರ ಹಾಕುವ ಮಹಾಪುರುಷರನ್ನು ಬಿಟ್ಟು, ಅದು ಕಲ್ಪಿಸಿಕೊಂಡ ದುಷ್ಟರನ್ನು ಅಧ್ಯಯನ ಮಾಡಬೇಕು. ಜೂನಿಯರ್ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿಕೊಂಡು ಬಂದ ನನಗೆ ಈ ಮಹಾಸತ್ಯ ಹೊಳೆದದ್ದು ಮೊನ್ನೆ ಭಾನುವಾರ, ಮನೆಯಲ್ಲಿ ಆಜ್ಞೆಯಾದ ಮೇರೆಗೆ ಸ್ಟೂಲು ಹತ್ತಿ ಫ್ಯಾನು ಒರೆಸುತ್ತಿದ್ದಾಗ. ಕೈಗೆ ಸಿಕ್ಕ ಬಟ್ಟೆ ಕಪ್ಪು ಸ್ಯಾಟಿನ್ನಿನದು, ಅಂಚಿಗೆ ಕೆಂಪು ಪಟ್ಟಿ. ಒಂದು ಕಾಲಕ್ಕೆ ಅದು ಜಗತ್ತನ್ನು ನಾಶ ಮಾಡಲು ಹೊರಟವನ ಬೆನ್ನ ಮೇಲಿತ್ತು. ಆ ಬೆನ್ನು ನನ್ನದೇ.

ಧೂಮಾಂಗದ ಎಂದರೆ ಈಗಿನವರಿಗೆ ಗೊತ್ತಾಗಲಿಕ್ಕಿಲ್ಲ. ನಾವು ಚಿಕ್ಕವರಿದ್ದಾಗ ಮಕ್ಕಳ ಮಾಸಪತ್ರಿಕೆಯೊಂದರ ಕೊನೆಯ ಪುಟಗಳಲ್ಲಿ ಬರುತ್ತಿದ್ದ ಚಿತ್ರಕಥೆಯ ಖಳ ಅವನು. ಅದಕ್ಕೆ ನಾಯಕನೂ ಒಬ್ಬನಿದ್ದ. ಆಗತಾನೆ ಸ್ನಾನ ಮಾಡಿಕೊಂಡು ಬಂದವನ ಹಾಗೆ ಕಾಣುತ್ತಿದ್ದ ಎಂಬುದನ್ನು ಬಿಟ್ಟರೆ ಅವನ ಬಗ್ಗೆ ನನಗೇನೂ ನೆನಪಿಲ್ಲ, ಹೆಸರು ಕೂಡ. ಧೂಮಾಂಗದನನ್ನು ಮರೆಯುವುದು ಹೇಗೆ? ಹೊಗೆ ಬಣ್ಣದ ಮುಖ, ನೆಲ ಗುಡಿಸುವ ನಿಲುವಂಗಿ, ಎಂಥ ಸಂದರ್ಭದಲ್ಲೂ ಏರದ ದನಿ. "ಅವಸರವೇನಿದೆ?" ಎಂಬುದು ಅವನ ಮಾತು. ಇದಕ್ಕಿಂತ ಮುಖ್ಯವಾಗಿ ಅವನಿಗೊಂದು ಅಭ್ಯಾಸವಿತ್ತು. ಯಾರ ಮನೆಗೆ ಕೇಡು ಮಾಡಲು ಹೋದರೂ ಹೊಸ್ತಿಲ ಆಚೆ ಚಪ್ಪಲಿ ಬಿಟ್ಟು, ಜೋಡಿಯಾಗಿ ಸರಿಸಿಟ್ಟು, ಆಮೇಲೆ ಒಳಗೆ ಹೋಗುತ್ತಿದ್ದ. ರಾಜನ ಖಜಾನೆಯಿರಲಿ, ವಿಜ್ಞಾನಿಯ ಪ್ರಯೋಗಶಾಲೆಯಿರಲಿ, ಬಾಗಿಲಲ್ಲಿ ಆ ಜೋಡಿ ಚಪ್ಪಲಿ ಬರೆದಿದ್ದರೆ ಮುಗಿಯಿತು. ಒಳಗಿರುವವರ ಗತಿಯನ್ನು ನೆನೆದು ನಾವು ಪುಟ ತಿರುಗಿಸಲು ಹೆದರುತ್ತಿದ್ದೆವು.

ನಾನು ಅವನನ್ನು ಓದಿದ್ದು ಹೊನ್ನವಳ್ಳಿಯ ನಮ್ಮ ಮನೆಯ ಅಟ್ಟದಲ್ಲಿ, ಕೊಬ್ಬರಿಗೆಂದು ಹಾಕಿದ್ದ ಕಾಯಿಗಳ ಮೇಲೆ ಗೋಣಿಚೀಲ ಹಾಸಿಕೊಂಡು. ಹಾಗಾಗಿ ಇವತ್ತಿಗೂ ನನಗೆ ಕೊಬ್ಬರಿಯ ವಾಸನೆ ಬಂದರೆ ಸಣ್ಣಗೆ ಭಯವಾಗುತ್ತದೆ. ತಿಪಟೂರಿನಲ್ಲಿ ಬದುಕುವವನಿಗೆ ಇದು ಅನುಕೂಲದ ಕಾಯಿಲೆಯಲ್ಲ. ನಡುವೆ ಅಜ್ಜಿ ಏಣಿ ಹತ್ತಿ ಬರುತ್ತಿದ್ದಳು. ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ನೀರಿನ ಸದ್ದು ಬಂದರೆ ಇದ್ದಲ್ಲೇ ಇಡುತ್ತಿದ್ದಳು. ನೀರೆಲ್ಲ ಇಂಗಿ, ಒಳಗಿನ ಉಂಡೆ ಚಿಪ್ಪು ಬಿಟ್ಟು ಗಡಗಡ ಎಂದರೆ ಕೊಬ್ಬರಿಯಾಯಿತೆಂದು ಲೆಕ್ಕ. ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕು.

"ಒಂದೇ ಒಂದು ಒಡ್ದು ನೋಡಾನ ಕಣಜ್ಜಿ" ಎಂದು ನಾನು ಗೋಗರೆಯುತ್ತಿದ್ದೆ.

"ಒಡುದ್ರೆ ಮುಗೀತು ಕಣ್ಲಾ. ಆಮೇಲೆ ಅದು ಚಟ್ನಿಗೆ" ಎನ್ನುತ್ತಿದ್ದಳು.

ಖಳರನ್ನು ಕುರಿತು ನಾನು ಮುಂದೆ ಓದಿದ ಯಾವ ವಿಮರ್ಶೆಯೂ ಈ ಮಾತನ್ನು ಮೀರಿಸಲಿಲ್ಲ.

ಏಕೆಂದರೆ ಧೂಮಾಂಗದನನ್ನು ತೆರೆಗೆ ತಂದವರೆಲ್ಲ ಒಡೆದೇ ನೋಡಿದರು. ಮೊದಲು ಭಾನುವಾರ ಬೆಳಿಗ್ಗೆಯ ಟಿ.ವಿ. ಧಾರಾವಾಹಿಯಲ್ಲಿ ಬಂದ. ಮಾತಿಗೊಮ್ಮೆ ನಗುತ್ತಿದ್ದ, ನಕ್ಕಾಗಲೆಲ್ಲ ಗುಡುಗುತ್ತಿತ್ತು. ಅಂಥ ವಾತಾವರಣದಲ್ಲಿ ಕೆಡುಕನಾಗಿ ಉಳಿಯುವುದಿರಲಿ, ಒಗೆದ ಬಟ್ಟೆ ಒಣಹಾಕುವುದೇ ಕಷ್ಟ. ಕಾಲಿಗೆ ಮಂಡಿಯವರೆಗೆ ಬೂಟು. ಅದನ್ನು ಬಿಚ್ಚುವಷ್ಟರಲ್ಲಿ ಕಂತು ಮುಗಿದುಹೋಗುತ್ತದೆಂದೋ ಏನೋ, ಹಾಗೇ ಒಳಗೆ ನುಗ್ಗುತ್ತಿದ್ದ. ನಾನು ಓದಿ ಹೇಳಿದ ಕಥೆಗಳನ್ನು ಕೇಳಿದ್ದ ಅಜ್ಜಿ ಒಂದೇ ಕಂತು ನೋಡಿ ತೀರ್ಪು ಕೊಟ್ಟಳು: "ಮನೆಯೊಳಕ್ಕೆ ಮೆಟ್ಟು ಹಾಕ್ಕಂಡು ಬತ್ತಾನಲ್ಲ, ಇವ್ನು ಬರೀ ಕಳ್ಳ ಕಣ್ಲಾ. ಅವ್ನಲ್ಲ."

ಆಮೇಲೆ ಸಿನಿಮಾ ಬಂತು. ಅದರಲ್ಲಿ ಚಪ್ಪಲಿ ಇತ್ತು ಎಂದು ನಾನು ಉಸಿರು ಬಿಡುವಷ್ಟರಲ್ಲಿ, ಅವನು ಯಾಕೆ ಕೆಟ್ಟವನಾದ ಎಂದು ವಿವರಿಸುವ ಬಾಲ್ಯದ ಕಥೆ ಶುರುವಾಯಿತು. ಅಪ್ಪ ಹೊಡೆಯುತ್ತಿದ್ದನಂತೆ, ಮಳೆಯಲ್ಲಿ ನಿಲ್ಲಿಸುತ್ತಿದ್ದನಂತೆ. ತಿಪಟೂರಿನ ಟಾಕೀಸಿನ ಮುಂದಿನ ಬೆಂಚಿನಿಂದ ಯಾರೋ ಕೂಗಿದರು: "ನಮ್ಮಪ್ಪನೂ ಹೊಡ್ದವ್ನೆ ಕಣ್ಲಾ! ನಾನೇನು ಊರು ಸುಟ್ನಾ?" ಇಡೀ ಟಾಕೀಸು ಬಿದ್ದು ಬಿದ್ದು ನಕ್ಕಿತು. ಅಲ್ಲಿಗೆ ಧೂಮಾಂಗದ ಚಟ್ನಿಗೆ ಹೋದ. ಒಬ್ಬ ಖಳನ ಒಳಗೆ ಏನೋ ಗಡಗಡ ಎನ್ನುತ್ತಿರಬೇಕು, ಅದೇನೆಂದು ನಮಗೆ ತಿಳಿಯಬಾರದು. ತಿಳಿದ ಮೇಲೆ ಅವನಿಗೆ ಸಮಾಧಾನ ಹೇಳಬೇಕೆನ್ನಿಸುತ್ತದೆ. ಭಯಪಡುವುದಕ್ಕೆ ಪುರುಸೊತ್ತೆಲ್ಲಿ?

ಈ ಅಭಿಪ್ರಾಯಗಳನ್ನು ನಾನು ಹೋಟೆಲಿನಲ್ಲಿ ಬಸವರಾಜನ ಮುಂದೆ ಮಂಡಿಸಿದ್ದೇ ಎಲ್ಲದಕ್ಕೂ ಮೂಲವಾಯಿತು. ಬಸವರಾಜ ನನ್ನ ಸಹಪಾಠಿ. ಮದುವೆ ವಿಡಿಯೋ ತೆಗೆಯುತ್ತಿದ್ದವನು, ಆಗ ಊರಿಗೆಲ್ಲ ಕೇಬಲ್ ಎಳೆದು ತನ್ನದೇ ಒಂದು ಚಾನೆಲ್ ನಡೆಸುತ್ತಿದ್ದ. ಅದರಲ್ಲಿ ಹುಟ್ಟುಹಬ್ಬದ ಶುಭಾಶಯ, ಕಳೆದುಹೋದ ಎಮ್ಮೆಯ ಚಹರೆ, ಕೊಬ್ಬರಿ ಧಾರಣೆ ಎಲ್ಲವೂ ಬರುತ್ತಿತ್ತು.

"ಬರೀ ಬಾಯಲ್ಲಿ ಹೇಳ್ಬ್ಯಾಡ ಮೇಷ್ಟ್ರೆ. ನಾವೇ ತೆಗ್ಯಾನ. ದೀಪಾವಳಿಗೆ ಬಿಡಾನ. ನೀನೇ ಧೂಮಾಂಗದ" ಎಂದ.

"ನನ್ನ ಮುಖ ನೋಡಿದರೆ ಯಾರಾದರೂ ಹೆದರುತ್ತಾರೇನೋ?"

"ನಿನ್ ಹುಡುಗ್ರೇ ಹೆದ್ರಲ್ಲ, ಅದು ಗೊತ್ತು. ಮುಖಕ್ಕೆ ಬೂದಿ ಬಳುದ್ರೆ ಯಾರಾದ್ರೇನ್ಲಾ? ಅದೂ ಅಲ್ದೆ ನೀನು ಪುಕ್ಕಟೆ."

ಇಷ್ಟು ಗಟ್ಟಿಯಾದ ಕಾರಣಗಳ ಮೇಲೆ ಯಾವ ಕಲಾವಿದನೂ ಆಯ್ಕೆಯಾಗಿರಲಾರ. ನಿಲುವಂಗಿ ಹೊಲಿದವರು ಪೇಟೆಬೀದಿಯ ಗಫಾರ್ ಸಾಬರು, ನನ್ನ ಪ್ಯಾಂಟುಗಳ ಬಹುಕಾಲದ ಟೈಲರ್. ಅಳತೆ ತೆಗೆಯುತ್ತಾ, "ಮೇಷ್ಟ್ರೇ, ಭುಜ ಸ್ವಲ್ಪ ಎತ್ತಿ. ಭುಜ ಇಲ್ದಿದ್ರೆ ಶೈತಾನ್ ಹೆಂಗೆ ಆಗ್ತೀರಿ?" ಎಂದರು. ಎತ್ತಿದೆ. "ಇಷ್ಟೇನಾ?" ಎಂದು ಕೇಳಿ, ನಿಟ್ಟುಸಿರು ಬಿಟ್ಟು, ಎರಡೂ ಕಡೆ ಹತ್ತಿ ತುಂಬುವುದಾಗಿ ಹೇಳಿದರು.

ಈ ಹೊತ್ತಿಗೆ ನನ್ನ ಬಾಳಿನಲ್ಲಿ ಇನ್ನೊಂದು ವಿಷಯ ನಡೆಯುತ್ತಿತ್ತು. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರವೂ ಅರಳಗುಪ್ಪೆಯಲ್ಲಿ ತೋಟವೂ ಇದ್ದ ರುದ್ರಪ್ಪನವರ ಮಗಳು ಗಿರಿಜಾಳನ್ನು ನೋಡಿಕೊಂಡು ಬಂದಿದ್ದೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಗಂಡಿನ ಕಡೆಯವರು ಕೇಳಬೇಕಾದ ಪ್ರಶ್ನೆಗಳೆಲ್ಲ ಮುಗಿದು, ನನ್ನ ಸರದಿ ಬಂದಾಗ, ಏನು ಓದುವುದು ಇಷ್ಟ ಎಂದು ಕೇಳಿದೆ. ಅವಳು ಅಪ್ಪನತ್ತ ಒಮ್ಮೆ ನೋಡಿ, "ಮಕ್ಕಳ ಪತ್ರಿಕೆಗಳು. ಹಳೇವೆಲ್ಲ ಇಟ್ಕೊಂಡಿದೀನಿ" ಎಂದಳು. ರುದ್ರಪ್ಪನವರು ಕೆಮ್ಮಿದರು. ನಾನು ಆ ಕ್ಷಣದಲ್ಲೇ ಮನಸ್ಸು ಮಾಡಿಬಿಟ್ಟೆ. ಮದುವೆಯಾದರೆ ಇವಳನ್ನೇ, ಇಲ್ಲದಿದ್ದರೆ ಇತಿಹಾಸವೇ ಗತಿ. ಅವರಿಗೂ ಒಪ್ಪಿಗೆಯಿದ್ದಂತಿತ್ತು. ಹಬ್ಬ ಕಳೆಯಲಿ, ಮಾತು ಮುಗಿಸೋಣ ಎಂದಿದ್ದರು.

ನಮ್ಮ ಚಿತ್ರದ ಮೊದಲ ಪ್ರತಿಯನ್ನು ಹೊನ್ನವಳ್ಳಿಯಲ್ಲಿ ಅಜ್ಜಿಗೆ ತೋರಿಸಿದೆವು. ಅದರಲ್ಲಿ ನಾನು ತೋಟದ ಬದುವಿನ ಮೇಲೆ ನಿಂತು, "ಇನ್ನು ಆ ಮಹಾನಗರ ಬೂದಿಯಾಗಲಿದೆ. ಅವಸರವೇನಿದೆ?" ಎಂದು ಮೆಲ್ಲಗೆ ಹೇಳುತ್ತೇನೆ. ಗುಡುಗಿಲ್ಲ, ನಗುವಿಲ್ಲ. ನನ್ನ ದೃಷ್ಟಿಯಲ್ಲಿ ಅದು ಅಭಿನಯದ ಪರಾಕಾಷ್ಠೆ.

ಅಜ್ಜಿ ಕೇಳಿದಳು: "ಯಾವೂರ್ಲಾ ಅದು?"

"ಯಾವುದೋ ಒಂದು ನಗರ ಅಜ್ಜಿ. ದೊಡ್ಡದು."

"ನಮ್ಮೋರ್ಯಾರಾದ್ರೂ ಅವ್ರಾ ಅಲ್ಲಿ?"

"ಇಲ್ಲ."

"ಹಾಳಾಗ್ಲಿ ಬುಡು" ಎಂದು ಎಲೆಅಡಿಕೆ ಚೀಲ ಬಿಚ್ಚಿದಳು.

ಬಸವರಾಜ ಅವತ್ತು ಊಟ ಸರಿಯಾಗಿ ಮಾಡಲಿಲ್ಲ. ಎಲೆಯ ಮುಂದೆ ಕೂತವನು ತಟ್ಟನೆ ತಲೆಯೆತ್ತಿ, "ನಗರ ಬ್ಯಾಡ ಕಣ್ಲಾ. ತೆಂಗಿನ ಸುಳಿ ಕಡ್ಸಾನ" ಎಂದ. ಕೈಯಲ್ಲಿದ್ದ ತುತ್ತು ನನ್ನ ಬಾಯಿಗೆ ಹೋಗಲಿಲ್ಲ.

ಹೊರಗಿನವರಿಗೆ ಒಂದು ಮಾತು ಹೇಳಬೇಕು. ತೆಂಗಿನ ಮರದ ನೆತ್ತಿಯಲ್ಲಿ ಮಡಚಿಕೊಂಡು ನಿಂತ ಎಳೆಯ ಗರಿಯೇ ಸುಳಿ. ಗರಿ ಕಡಿದರೆ ಮರ ಬದುಕುತ್ತದೆ, ಗೊನೆ ಕಡಿಯುವುದಕ್ಕೇ ಇರುವುದು. ಸುಳಿ ಕಡಿದರೆ ಮಾತ್ರ ಮರ ಸತ್ತಂತೆ, ಮತ್ತೆ ಚಿಗುರುವುದಿಲ್ಲ. ನಮ್ಮ ಸೀಮೆಯಲ್ಲಿ ದಾಯಾದಿಗಳು ಬೇಲಿ ಕಿತ್ತಿದ್ದಾರೆ, ಬಾವಿಗೆ ಮಣ್ಣು ಹಾಕಿದ್ದಾರೆ, ತಲೆ ಒಡೆದುಕೊಂಡೂ ಇದ್ದಾರೆ. ಆದರೆ ಸುಳಿ ಕಡಿದವರ ಮನೆಯಲ್ಲಿ ಯಾರೂ ನೀರು ಕೂಡ ಕುಡಿಯುವುದಿಲ್ಲ.

ಒಳ್ಳೆಯ ಮರ ಕಡಿಯುವಷ್ಟು ಧೂಮಾಂಗದತ್ವ ನಮ್ಮಿಬ್ಬರಲ್ಲೂ ಇರಲಿಲ್ಲ. ಆದರೆ ತೋಟದ ಮೂಲೆಯಲ್ಲಿ ಕೆಂಪುಮೂತಿ ಹುಳು ಹೊಕ್ಕ ಮರವೊಂದಿತ್ತು. ಹುಳು ಒಳಗಿಂದಲೇ ನೆತ್ತಿಯನ್ನು ತಿಂದು, ಸುಳಿ ಕೊಳೆತು ಬಾಗಿತ್ತು. ಅದನ್ನು ಹೇಗೂ ಕಡಿದು ಸುಡಬೇಕಿತ್ತು. ಬಸವರಾಜ ಬೇರೆ ಮರಗಳ ಹಸಿರು ಗರಿ ಕಡಿಸಿ, ಹುರಿಹಗ್ಗದಲ್ಲಿ ಅದರ ನೆತ್ತಿಗೆ ಕಟ್ಟಿಸಿ, ಸತ್ತ ಮರಕ್ಕೆ ಯೌವನ ಬರಿಸಿದ. ಕೆಳಗೆ ನಿಂತು ಮೇಲೆ ನೋಡುವುದು ನನ್ನ ಕೆಲಸ. ಹತ್ತುವುದು ಕಾಯಿ ಕೀಳುವ ತಿಮ್ಮಣ್ಣನದು. ನನ್ನ ನಿಲುವಂಗಿಯನ್ನೇ ತೊಟ್ಟು, ಕ್ಯಾಮೆರಾಗೆ ಬೆನ್ನು ಮಾಡಿ, ಸೊಂಟದಲ್ಲಿ ಮಚ್ಚು ಸಿಕ್ಕಿಸಿಕೊಂಡು ಅವನು ಹತ್ತಿದ.

ಅದಕ್ಕೂ ಮೊದಲು ನನ್ನ ಭಾಗ ತೆಗೆಯುವಾಗ, ಮರದ ಬುಡಕ್ಕೆ ಬಂದ ನಾನು ಯಾರೂ ಹೇಳದೆಯೇ ಒಂದು ಕೆಲಸ ಮಾಡಿದೆ. ಚಪ್ಪಲಿ ಬಿಟ್ಟು, ಜೋಡಿಯಾಗಿ ಸರಿಸಿಟ್ಟು, ಮೇಲೆ ನೋಡಿದೆ. ನಿಲುವಂಗಿ ಕೈ ಬದಲಾದ ಮೇಲೆ ತಿಮ್ಮಣ್ಣ ಹತ್ತಿ ಮಚ್ಚು ಬೀಸಿದ. ಹಸಿರು ಗರಿಗಳ ಸಮೇತ ನೆತ್ತಿ ಕಳಚಿ ದೊಪ್ಪನೆ ಬಿತ್ತು. ಆಗ ಹಿಂದಿನಿಂದ ಒಂದು ಚೀತ್ಕಾರ ಕೇಳಿಸಿತು: "ಅಯ್ಯೋ ನನ್ ಕಂದಾ!" ಅಜ್ಜಿ. ಅದು ಸತ್ತ ಮರವೆಂದು ನಮಗೆ ತೋರಿಸಿಕೊಟ್ಟವಳೇ ಅವಳು. ಆದರೂ ನೆತ್ತಿ ಬೀಳುವುದನ್ನು ನೋಡಲು ಅವಳಿಂದಾಗಲಿಲ್ಲ. ಬಸವರಾಜ ಆ ಕೂಗನ್ನು ಚಿತ್ರದಲ್ಲಿ ಹಾಗೇ ಉಳಿಸಿಕೊಂಡ.

ದೀಪಾವಳಿಯ ಸಂಜೆ ಚಿತ್ರ ಪ್ರಸಾರವಾಯಿತು. ಅದರ ಯಶಸ್ಸನ್ನು ನನ್ನಷ್ಟು ಬಲ್ಲವರು ಯಾರೂ ಇಲ್ಲ. ಮರುದಿನ ಹೋಟೆಲಿನ ಮಾಣಿ ಕಾಫಿ ಲೋಟವನ್ನು ದೂರದಿಂದಲೇ ತಳ್ಳಿದ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯೇ ಉಳಿಯಿತು, ಜನ ನಿಂತಿದ್ದರು. ನನ್ನ ತರಗತಿ ಮೊದಲ ಬಾರಿಗೆ ನಿಶ್ಶಬ್ದವಾಗಿತ್ತು. ಧಾರಾವಾಹಿಯೂ ಸಿನಿಮಾವೂ ಸೇರಿ ಮಾಡಲಾಗದ್ದನ್ನು ನಾವು ಒಂದು ಮಚ್ಚಿನೇಟಿನಲ್ಲಿ ಮಾಡಿದ್ದೆವು. ಲೋಕವನ್ನೆಲ್ಲ ಬೆದರಿಸುವವನಿಂದ ಯಾರಿಗೂ ತೊಂದರೆಯಿಲ್ಲ. ನಮ್ಮ ಜೀವ ಎಲ್ಲಿದೆಯೆಂದು ತಿಳಿದವನು, ತಿಳಿದೂ ಚಪ್ಪಲಿ ಬಿಟ್ಟು ಮರ್ಯಾದೆಯಿಂದ ಬರುವವನು, ಅವನೇ ನಿಜವಾದ ಖಳ. ಈ ಸಿದ್ಧಾಂತ ಸ್ಥಾಪನೆಯಾದ ಸಂತೋಷದಲ್ಲಿ ಕಾಲೇಜಿನಿಂದ ಹೊರಬಂದರೆ, ಗೇಟಿನ ಬಳಿ ರುದ್ರಪ್ಪನವರು ನಿಂತಿದ್ದರು.

"ಮೇಷ್ಟ್ರೇ, ಬೇಜಾರು ಮಾಡ್ಕಬ್ಯಾಡಿ. ಈ ಸಂಬಂಧ ಬ್ಯಾಡ ಅಂತ ಮಾಡಿದೀವಿ."

"ರುದ್ರಪ್ಪನೋರೆ, ಅದು ಬರೀ ನಾಟಕ!"

"ನಂಗೊತ್ತಿಲ್ವಾ? ಊರು ಸುಟ್ಟಿದ್ರೆ ನಾಟಕ ಅಂತಿದ್ದೆ. ಆದ್ರೆ ಬಿದ್ದಿದ್ದು ಮರದ ನೆತ್ತಿ ಕಣ್ರೀ, ರಟ್ಟಿಂದಲ್ಲ. ಹಸುರು ಮರ, ಕಣ್ಣಾರೆ ಕಂಡಿದೀನಿ. ಹಬ್ಬದ ದಿನ ನಮ್ಮನೇಲಿ ಯಾರೂ ಊಟ ಮಾಡ್ಲಿಲ್ಲ."

"ಅದು ಹುಳ ಹೊಕ್ಕಿದ್ದ ಮರ..."

"ಕಡ್ದೋರೆಲ್ಲ ಹಂಗೇ ಹೇಳಾದು" ಎಂದು ಕೊಡೆ ಬಗಲಿಗೆ ಇಟ್ಟುಕೊಂಡು ಹೊರಟುಹೋದರು.

ಸಿದ್ಧಾಂತ ಗೆದ್ದಿತ್ತು. ಸಿದ್ಧಾಂತಿ ಅಲ್ಲೇ ಗೇಟು ಹಿಡಿದುಕೊಂಡು ನಿಂತಿದ್ದ. ಅವಳ ಮನೆಯಲ್ಲಿ ಕಾಫಿ ಕುಡಿದ ಲೋಟದ ಅಂಚಿನ ನೀಲಿ ಗೆರೆ ಯಾಕೋ ಕಣ್ಣಿಗೆ ಕಟ್ಟಿತು. ಇತಿಹಾಸವೇ ಗತಿ ಎಂದು ಅಂದು ತಮಾಷೆಗೆ ಅಂದುಕೊಂಡಿದ್ದೆ. ಈಗ ಅದರಲ್ಲಿ ತಮಾಷೆ ಉಳಿದಿರಲಿಲ್ಲ.

ಇದಾದ ಮೇಲೆ ಒಂದು ದಿನ ಗಫಾರ್ ಸಾಬರು ಅಂಗಡಿಯಿಂದಲೇ ಕೈಬೀಸಿ ಕರೆದರು.

"ಮೇಷ್ಟ್ರೇ, ರುದ್ರಪ್ಪನೋರ ಮಗಳು ಬ್ಲೌಸ್ ಕೊಡಾಕೆ ಬಂದಿದ್ರು. ನಿಮಗೊಂದು ಮಾತು ಹೇಳಿ ಅಂದ್ರು."

"ಏನಂತೆ?"

"ಮರದ ಬುಡದಾಗೆ ಚಪ್ಪಲಿ ಬಿಟ್ರಲ್ಲ, ಭಾಳ ಸರಿಯಾಗಿತ್ತಂತೆ. ಮನೇಲಿ ಎಲ್ರೂ ಅಳ್ತಿದ್ರೆ ಇವ್ರೊಬ್ರೇ ನಕ್ಕಿದ್ದಕ್ಕೆ ಬೈಸ್ಕೊಂಡ್ರಂತೆ. ಇನ್ನೊಂದು ಹೇಳಿದ್ರು. ಆ ಮರ ಕಡಿಸ್ಬೇಡಿ. ಅಪ್ಪನ್ನ ಹೆಂಗಾದ್ರೂ ಮಾಡಿ ಕರ್ಕೊಂಡು ಬರ್ತೀನಿ, ಅವ್ರೇ ನೋಡ್ಲಿ ಅಂತ."

ನಾನು ಹೊನ್ನವಳ್ಳಿಗೆ ಹೋದ ವೇಗವನ್ನು ಧೂಮಾಂಗದ ಕಂಡಿದ್ದರೆ ಅವಸರವೇನಿದೆ ಎಂದು ಖಂಡಿತ ಕೇಳುತ್ತಿದ್ದ. ತೋಟದಲ್ಲಿ ತಿಮ್ಮಣ್ಣ ಗರಗಸ ಹಿಡಿದು ಮರದ ಬುಡದಲ್ಲೇ ಕೂತಿದ್ದ. ನಿಲ್ಲಿಸಿದೆ. ಅಂದಿನಿಂದ ನನಗೂ ಅಜ್ಜಿಗೂ ದಿನವೂ ಜಗಳ.

"ಹುಳ ಪಕ್ಕದ ಮರಕ್ಕೆ ಹೋಯ್ತದೆ, ಸುಟ್ಟು ಬುಡ್ಲಾ."

"ಸಾಕ್ಷಿ ಕಣಜ್ಜಿ. ಇರಲಿ."

"ಸಾಕ್ಷಿಯಂತೆ! ಮೊದ್ಲು ಕಡುದ್ರಿ, ಈಗ ಕಾಯ್ತೀರಿ. ನಿಮ್ಗೇನು ಬಂದೈತ್ಲಾ?"

ಪಕ್ಕದ ತೋಟದವರೂ ಬೇಲಿಯಾಚೆಯಿಂದ ಗೊಣಗತೊಡಗಿದ್ದರು. ನಾನು ಆ ಮೊಂಡು ಕಾಂಡವನ್ನು ಕಾದ ಹಾಗೆ ಯಾವ ಪುರಾತತ್ವ ಇಲಾಖೆಯೂ ಯಾವ ಶಿಲಾಶಾಸನವನ್ನೂ ಕಾದಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ರುದ್ರಪ್ಪನವರು ಬಂದರು. ಹಿಂದೆ ಗಿರಿಜಾ, ಅವಳ ತಾಯಿ. ರುದ್ರಪ್ಪನವರು ಕಾಫಿಯನ್ನೂ ಮುಟ್ಟದೆ ನೇರ ತೋಟಕ್ಕೆ ನಡೆದರು. ಬಿದ್ದಿದ್ದ ನೆತ್ತಿಯ ಹತ್ತಿರ ಕೂತು, ಒಣಗಿದ ಗರಿಗಳಿಗೆ ಬಿಗಿದ ಹುರಿಹಗ್ಗವನ್ನು ಎಳೆದು ನೋಡಿದರು. ಕಾಂಡದ ತೂತಿಗೆ ಬೆರಳು ಹಾಕಿ ಹುಳು ಅಗಿದ ನಾರು ತೆಗೆದು ಮೂಸಿದರು. ಕೊಳೆತ ಸುಳಿಯನ್ನು ಬಿಡಿಸಿದಾಗ ದಪ್ಪನೆಯ ಮರಿಹುಳುವೊಂದು ಅವರ ಅಂಗೈಗೆ ಬಿತ್ತು. ಅದನ್ನು ಬಹಳ ಹೊತ್ತು ದಿಟ್ಟಿಸಿದರು. ಒಂದು ಹುಳುವಿನ ಮೇಲೆ ಅಷ್ಟು ಭರವಸೆಯನ್ನು ನಾನು ಮುಂದೆಂದೂ ಇಡಲಿಲ್ಲ.

"ನಿಜ" ಎಂದರು. "ಮರ ಮುಂಚೇನೇ ಹೋಗಿತ್ತು."

ನನ್ನ ಮುಖ ಅರಳುವಷ್ಟರಲ್ಲಿ ಅವರ ಮುಖ ಕೆಂಪಾಯಿತು. "ಅಲ್ರೀ, ಇಷ್ಟು ಹುಳ ಬಿದ್ದಿರೋ ಮರಾನ ಇಲ್ಲೀಗಂಟ ಸುಡ್ದೆ ಯಾಕ್ರೀ ಬಿಟ್ಟಿದೀರಿ? ಇಡೀ ತೋಟ ಹಾಳ್ ಮಾಡ್ಬೇಕಂತ ಮಾಡಿದೀರಾ?"

ತಮಗೋಸ್ಕರವೇ ಬಿಟ್ಟದ್ದೆಂದು ಹೇಗೆ ಹೇಳಲಿ? ಗಿರಿಜಾ ಸೆರಗಿನ ತುದಿ ಬಾಯಿಗಿಟ್ಟುಕೊಂಡು ಮಾವಿನ ಮರವನ್ನು ನೋಡುತ್ತಿದ್ದಳು. ಭುಜ ಮಾತ್ರ ಅಲುಗುತ್ತಿತ್ತು.

ರುದ್ರಪ್ಪನವರು ಕೈ ಕೊಡವಿಕೊಂಡು, ಸ್ವಲ್ಪ ತಣ್ಣಗಾಗಿ ಹೇಳಿದರು: "ಒಂದು ಮಾತು ಒಪ್ಕಬೇಕು ಬುಡಿ. ಮೇಷ್ಟ್ರಾಗಿ ಆ ಮರ ಹತ್ತಿದ್ರಲ್ಲ, ಅದು ಮೆಚ್ಚೋ ಅಂಥದ್ದು."

ತಾನಾಗಿ ಒಲಿದು ಬಂದ ಭಾಗ್ಯ. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ತೆರೆದಳು: "ಇವ್ನಾ? ಹತ್ತಿದ್ದು ತಿಮ್ಮಣ್ಣ ಕಣ್ರಪ್ಪ. ಇವ್ನು ಅಟ್ಟದ ಏಣಿ ಹತ್ತುವಾಗ್ಲೇ ಕಣ್ಮುಚ್ಕಂತಾನೆ."

"ಹೌದೇನ್ರೀ?"

"ಹೌದು" ಎಂದೆ.

"ತೆಂಗಿನ ಸೀಮೇಲಿ ಹುಟ್ಟಿ ಮರ ಹತ್ತಾಕ್ ಬರಲ್ವಾ?"

"ಬರಲ್ಲ."

ಅವರು ನನ್ನನ್ನು ನೆತ್ತಿಯಿಂದ ಬುಡದವರೆಗೆ, ಹುಳು ಹೊಕ್ಕ ಮರವನ್ನು ನೋಡಿದ ಹಾಗೆಯೇ, ನೋಡಿದರು. ನಾನು ದುಷ್ಟನೆಂಬ ಆರೋಪದಿಂದ ಬಿಡುಗಡೆಯಾಗಿ, ಸೋಮಾರಿಯೆಂಬ ಆರೋಪ ದಾಟಿ, ಕೈಲಾಗದವನೆಂಬ ತೀರ್ಪಿನ ಮುಂದೆ ನಿಂತಿದ್ದೆ. ಆಗ ಗಿರಿಜಾ ಮೆಲ್ಲಗೆ, "ಅಪ್ಪಾ, ಅವಸರವೇನಿದೆ? ಒಳಗೆ ಕೂತು ಮಾತಾಡಾಣ" ಎಂದಳು.

ರುದ್ರಪ್ಪನವರು ಮಗಳನ್ನು ನೋಡಿದರು, ನನ್ನನ್ನು ನೋಡಿದರು, ಹೆಂಡತಿಯತ್ತ ತಿರುಗಿ ಹೇಳಿದರು: "ಸರಿ ಕಣೇ. ಇಂಥೋರಿಂದ ಯಾರಿಗೂ ಕೇಡಾಗಾಕಿಲ್ಲ."

ಒಬ್ಬ ಖಳನಟನಿಗೆ ಇದಕ್ಕಿಂತ ಹೀನಾಯ ವಿಮರ್ಶೆ ಸಿಕ್ಕಿರಲಾರದು. ಅದನ್ನು ನಾನು ಇವತ್ತಿಗೂ ಎದೆಯಲ್ಲಿಟ್ಟುಕೊಂಡು ಬದುಕುತ್ತಿದ್ದೇನೆ. ಮನೆ ಬಾಗಿಲಿಗೆ ಬಂದಾಗ ಅವರ ಚಪ್ಪಲಿಗಳ ಪಕ್ಕದಲ್ಲಿ ನನ್ನ ಚಪ್ಪಲಿ ಬಿಟ್ಟು ಜೋಡಿಸಿಟ್ಟೆ. ಗಿರಿಜಾ ಹಿಂತಿರುಗಿ ಅದನ್ನೊಮ್ಮೆ ನೋಡಿ ಒಳಗೆ ಹೋದಳು.

ಈಚೆಗೆ ಧೂಮಾಂಗದ ಮತ್ತೆ ಬಂದಿದ್ದಾನೆ, ಕಂಪ್ಯೂಟರಿನಲ್ಲಿ ಮಾಡಿದ ಕಾರ್ಟೂನಾಗಿ. ಕಣ್ಣಿನಿಂದ ಬೆಳಕು ಹೊರಡುತ್ತದೆ, ನೆಲಕ್ಕೆ ಕಾಲೇ ತಾಗುವುದಿಲ್ಲ, ಆದ್ದರಿಂದ ಚಪ್ಪಲಿಯ ಪ್ರಶ್ನೆಯೂ ಇಲ್ಲ. ಮನೆಯಲ್ಲಿ ಎಲ್ಲರೂ ಕೂತು ನೋಡುತ್ತೇವೆ. ನಾನು ಮುನಿಸಿಕೊಳ್ಳುವುದಿಲ್ಲ. ಅವನನ್ನು ಹೇಗೆ ಕೆಡಿಸಿದರೂ ನನ್ನ ಮೇಲಿರುವ ಅವನ ಋಣ ತೀರುವಂಥದ್ದಲ್ಲ. ಅವನ ಜೊತೆಗೆ, ಪುಕ್ಕಟೆ ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಆರಿಸಿದ ಬಸವರಾಜನ ಋಣ, ಭುಜಕ್ಕೆ ಹತ್ತಿ ತುಂಬಿ ಸುದ್ದಿಯನ್ನೂ ತಂದ ಗಫಾರ್ ಸಾಬರ ಋಣ, ಸರಿಯಾದ ಹೊತ್ತಿಗೆ ನನ್ನ ಮಾನ ಕಳೆದ ಅಜ್ಜಿಯ ಋಣ. ಕೆಂಪುಮೂತಿ ಹುಳುವಿನ ಋಣವೂ ಇದೆ. ಅದನ್ನು ನಮ್ಮ ಸೀಮೆಯಲ್ಲಿ ಬಾಯಿಬಿಟ್ಟು ಹೇಳುವಂತಿಲ್ಲ.

ಆ ಮರವನ್ನು ಅದೇ ದಿನ ಮಧ್ಯಾಹ್ನ ರುದ್ರಪ್ಪನವರೇ ಮುಂದೆ ನಿಂತು ಸುಡಿಸಿದರು. ಮದುವೆ ಮಾಘದಲ್ಲಿ ಆಯಿತು. ಮರದ ಬುಡ ಕಿತ್ತ ಗುಂಡಿಯಲ್ಲಿ ಅರಳಗುಪ್ಪೆಯಿಂದ ತಂದ ಸಸಿಯೊಂದನ್ನು ನೆಟ್ಟೆವು. ಈಗ ಅದು ಫಸಲು ಕೊಡುತ್ತಿದೆ. ಕಾಯಿ ಕೀಳಲು ತಿಮ್ಮಣ್ಣನ ಮಗ ಬರುತ್ತಾನೆ.